ಮನೆ ನೆಲ ಬಿಡುವ ಹೊತ್ತು

ಬೆಳಿಗ್ಗೆ ಎದ್ದಾಗಿನಿಂದ ಅವಳಿಗೆ ತನ್ನ ದನಿಯ ಮೇಲೆಯೇ ಅನುಮಾನ. ಹಲ್ಲುಜ್ಜಿ ಬಾಯಿ ಮುಕ್ಕಳಿಸಿ, ಕನ್ನಡಿಯ ಮುಂದೆ ನಿಂತು "ಏರ್ಲಿ" ಎಂದು ಕೂಗಿ ನೋಡಿದಳು. ಮತ್ತೊಮ್ಮೆ, ಎಲ್ಲೂ ತಡೆಯದೆ, ಒಂದೇ ಉಸಿರಿಗೆ. ಬಚ್ಚಲ ಹೊರಗಿನಿಂದ ಗಂಡ "ಏನು ಬೇಕು?" ಎಂದ. "ಏನಿಲ್ಲ" ಎಂದು ನಲ್ಲಿ ಜೋರಾಗಿ ಬಿಟ್ಟಳು. ಮನೆಗಳನ್ನು ಬುಡದಿಂದ ಬಿಡಿಸಿ ಮೇಲಕ್ಕೆತ್ತುವುದು ಅವಳ ಕಸುಬು. ರಸ್ತೆಗಳು ಡಾಂಬರಿನ ಮೇಲೆ ಡಾಂಬರು ಹಾಕಿಸಿಕೊಂಡು ಎತ್ತರವಾಗುತ್ತ ಹೋಗುತ್ತವೆ. ಮನೆಗಳು ಕಟ್ಟಿದಲ್ಲೇ ಇದ್ದು, ತಮ್ಮ ತಪ್ಪೇನೂ ಇಲ್ಲದೆ, ತಗ್ಗಾಗುತ್ತವೆ. ಒಂದು ದಿನ ಚರಂಡಿಯ ನೀರು ಹೊಸ್ತಿಲು ದಾಟಿ ಒಳಗೆ ಬರುತ್ತದೆ. ಆಗ ಜನ ಅವಳಿಗೆ ಫೋನು ಮಾಡುತ್ತಾರೆ. ಗೋಡೆಗಳನ್ನು ಪಾಯದಿಂದ ಬಿಡಿಸಿ, ಸಂದಿನಲ್ಲಿ ಕಬ್ಬಿಣದ ತೊಲೆ ತೂರಿಸಿ, ತೊಲೆಯ ಕೆಳಗೆ ಒತ್ತೊತ್ತಾಗಿ ಜಾಕುಗಳನ್ನಿಟ್ಟು, ಮನೆಯ ಸುತ್ತ ತೋಡಿದ ಕಾಲುವೆಯಲ್ಲಿ ಆಳುಗಳು ಕುಕ್ಕರಗಾಲಿನಲ್ಲಿ ಕೂರುತ್ತಾರೆ. ಒಬ್ಬೊಬ್ಬನ ಪಾಲಿಗೆ ಕೆಲವು ಜಾಕು. ಮನೆಯೊಳಗಿನಿಂದ ಏರ್ಲಿ ಎಂಬ ಕೂಗು ಬಂದೊಡನೆ ಪ್ರತಿಯೊಬ್ಬನೂ ತನ್ನ ಪಾಲಿನವನ್ನು ಕಾಲು ಸುತ್ತು ತಿರುಗಿಸಿ, ಮುಗಿಯಿತೆಂಬ ಗುರುತಿಗೆ ರಾಡಿನಿಂದ ತೊಲೆಗೆ ಒಂದು ಏಟು ಹಾಕುತ್ತಾನೆ. ಇಡೀ ಮನೆ ಉಗುರಿನ ದಪ್ಪದಷ್ಟು ಏರುತ್ತದೆ. ಆಮೇಲೆ ಮತ್ತೆ ಕೂಗು. ಕೂಗುವವರು ಆ ಮನೆಯ ಒಳಗೇ, ನಟ್ಟನಡುವಿನ ಕೋಣೆಯಲ್ಲಿ, ಅದೇ ಸೂರಿನ ಕೆಳಗೆ ನಿಲ್ಲಬೇಕು. ಆ ದಿನದ ಕೆಲಸ ನಿಲ್ಲುವ ತನಕ ಹೊಸ್ತಿಲು ದಾಟುವಂತಿಲ್ಲ. ಬಿದ್ದರೆ ಹೋಗುವುದು ಮನೆಯವರದು, ಎತ್ತಿಸುವವರು ಮಾತ್ರ ಹೊರಗೆ ಸುರಕ್ಷಿತ, ಅದು ಯಾವ ನ್ಯಾಯ ಎನ್ನುತ್ತಿದ್ದ ಅವಳ ಸೋದರಮಾವ. ಕಸುಬು ಅವನದು, ಕಟ್ಟಳೆಯೂ ಅವನದೇ. ಅವನಿಗೊಮ್ಮೆ ಗಂಟಲು ಕಟ್ಟಿದ್ದ ದಿನ, ಬಿಲ್ಲು ಬರೆಯಲು ಬಂದಿದ್ದ ಸೊಸೆಯನ್ನು ಕರೆದು "ಇವತ್ತೊಂದಿನ ನೀನೇ ಕೂಗು" ಎಂದಿದ್ದ. ಮಾವ ಈಗಿಲ್ಲ. ಆ ಒಂದು ದಿನ ಇನ್ನೂ ಮುಗಿದಿಲ್ಲ.

ಕಾರಿನಲ್ಲಿ ಕೂತ ಮೇಲೂ ತುಟಿ ಅದೇ ಪದವನ್ನು ಗುನುಗುತ್ತಿತ್ತು. ಹೋದ ವಾರ ಸಣ್ಣ ಉದ್ದಿಮೆದಾರರ ಸಂಘದವರು ಅವಳನ್ನು ವೇದಿಕೆಗೆ ಕರೆದು ಶಾಲು ಹೊದಿಸಿ, ಧೀರ ಮಹಿಳೆ ಎಂದರು. ಧೀರ ಎನ್ನುವ ಪದ ಕಿವಿಗೆ ಬಿದ್ದಾಗ ಅವಳು ತನ್ನ ಹಿಂದೆ ಇನ್ಯಾರಾದರೂ ಇದ್ದಾರೇನೋ ಎಂದು ನಿಜವಾಗಿಯೂ ತಿರುಗಿ ನೋಡಿದ್ದಳು. ಜನ ಅದನ್ನು ವಿನಯವೆಂದುಕೊಂಡು ಚಪ್ಪಾಳೆ ತಟ್ಟಿದರು. ಆಮೇಲೆ ಎರಡು ಮಾತು ಆಡಬೇಕಾಗಿ ಬಂತು. ಮಗಳು ಫೋನಿನಲ್ಲಿ ಅದನ್ನು ಹಿಡಿದಿದ್ದಳು. ಊಟದ ಮೇಜಿನ ಹತ್ತಿರ ಕೂತು ನೋಡಿದಾಗ ತನ್ನ ಮುಖಕ್ಕಿಂತ ಹೆಚ್ಚಾಗಿ ಅವಳಿಗೆ ಕಂಡದ್ದು ಮಾತಿನ ನಡುವಿನ ಆ ಹೊಂಡಗಳು. ಪ್ರತಿ ವಾಕ್ಯಕ್ಕೆ ಮೊದಲು ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಒಂದು "ಹ್ಞಾ", ಆಮೇಲೆ ಉಸಿರು ಎಳೆದುಕೊಂಡು ಸುಮ್ಮನೆ ನಿಲ್ಲುವುದು, ಕಣ್ಣು ಸೀಲಿಂಗಿನ ಮೂಲೆಗಳಿಗೆ ಓಡುವುದು. "ಅಮ್ಮಾ, ನಿನ್ನ ಭಾಷಣದಲ್ಲಿ ಮಾತಿಗಿಂತ ಗ್ಯಾಪೇ ಜಾಸ್ತಿ ಕಣೇ" ಎಂದು ಮಗಳು ನಕ್ಕಳು, ಅಪ್ಪನೂ ನಕ್ಕ, ಅವಳೂ ನಕ್ಕಳು. ಆದರೆ ಅಂದು ಸಭೆ ಮುಗಿದ ಮೇಲೆ ಕೈಕುಲುಕಲು ಬಂದಿದ್ದ, ಒಳ್ಳೆಯ ಕೋಟಿನ ಮನುಷ್ಯನೊಬ್ಬ ನಕ್ಕಿರಲಿಲ್ಲ. ಕಟ್ಟಡದ ಕೆಲಸದಲ್ಲಿ ದೊಡ್ಡ ಹೆಸರಿನ ಕಂಪನಿಯವನು ಅವನು. "ಹೇಳಿದ ವಿಷಯ ಚೆನ್ನಾಗಿತ್ತು ಮೇಡಂ. ತಡವರಿಸೋದೊಂದು ಬಿಟ್ಬಿಡಿ. ಮುಂದೆ ನಿಂತೋರೇ ತಡವರಿಸಿದ್ರೆ ಹಿಂದೆ ಇರೋರಿಗೆ ಧೈರ್ಯ ಎಲ್ಲಿಂದ ಬರುತ್ತೆ?" ಎಂದು ಅಕ್ಕರೆಯಿಂದಲೇ ಹೇಳಿದ. ಅದೇ ಮಾತಿನ ಬೆನ್ನಿಗೆ ಇನ್ನೊಂದು: ಅವಳ ಆಳುಗಳು, ಜಾಕುಗಳು, ಹೆಸರಿನ ಸಮೇತ ಎಲ್ಲವನ್ನೂ ಕಂಪನಿ ವಹಿಸಿಕೊಳ್ಳಲು ತಯಾರಿದೆ, ಅವಳು ಸುಮ್ಮನೆ ಆಫೀಸಿನಲ್ಲಿ ಗೌರವವಾಗಿ ಕೂತರೆ ಸಾಕು. ಇವತ್ತು ಸಂಜೆ ಅವನಿಗೆ ಹೂಂ ಅಥವಾ ಊಹೂಂ ಹೇಳಬೇಕು. ಕಾರು ತಿರುವಿನಲ್ಲಿ ನಿಂತಾಗ ಅವಳು ತನ್ನೊಳಗೇ ಪಣ ಕಟ್ಟಿಕೊಂಡಳು. ಇವತ್ತು ತಡವರಿಸದೆ ಕೂಗುತ್ತೇನೆ, ನಿಜವಾದ ಯಜಮಾನಿಯ ಹಾಗೆ. ಅದೂ ಆಗದಿದ್ದರೆ ಹೂಂ ಎಂದುಬಿಡುತ್ತೇನೆ.

ಮನೆ ಎರಡಂತಸ್ತಿನದು. ರಸ್ತೆಯಿಂದ ನೋಡಿದರೆ ಕೆಳಗಿನ ಕಿಟಕಿಗಳು ಮೊಣಕಾಲಿನ ಮಟ್ಟಕ್ಕಿದ್ದವು. ಮನೆಯೇ ಸೊಂಟದವರೆಗೆ ನೀರಿಗಿಳಿದು ನಿಂತು ಯಾರಾದರೂ ಕೈ ಕೊಟ್ಟಾರೆಂದು ಕಾಯುತ್ತಿರುವ ಹಾಗೆ. ಒಳಗಿನ ಗೋಡೆಗಳಲ್ಲಿ ಪ್ರತಿ ವರ್ಷದ ನೀರು ಬಿಟ್ಟು ಹೋದ ಕಂದು ಗೆರೆಗಳು. ಮನೆಯವಳು ಒಂದು ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಾಕೆ, ಬೀದಿಯವರಿಗೆಲ್ಲ ಆಪರೇಟರಮ್ಮ. ಗಂಡ ಹೋದ ಮೇಲೆ ಒಬ್ಬಳೇ. ನಡುಮನೆಯಲ್ಲಿ ಸಾಮಾನೆಲ್ಲ ತೆರವು ಮಾಡಿಸಿದ್ದರೂ ತನ್ನದೊಂದು ಕುರ್ಚಿಯನ್ನು ಮಾತ್ರ ಉಳಿಸಿಕೊಂಡು, ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು, ರೈಲಿಗೆ ಕಾಯುವವಳಂತೆ ಕೂತಿದ್ದಳು.

"ಅಮ್ಮಾ, ನೀವು ಪಕ್ಕದ ಮನೇಲಿ ಕೂತ್ಕೊಳ್ಳಿ. ಹೇಳಿಟ್ಟಿದ್ದೀವಿ ಅವರಿಗೆ."

"ನೀನೆಲ್ಲಿರ್ತೀಯ?"

"ನಾನು ಒಳಗೇ ಇರ್ಬೇಕು. ನಮ್ಮ ಕೆಲಸ ಹಾಗೆ."

"ಮನೆ ನಂದೋ ನಿಂದೋ?"

"ನಿಮ್ದೇ."

"ಮತ್ತೆ? ಬಂದವಳು ಒಳಗೆ, ಮನೆಯವಳು ಬೀದೀಲಿ. ಚೆನ್ನಾಗಿದೆ ನಿನ್ನ ಲೆಕ್ಕ." ಕೈಚೀಲವನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. "ಬಿದ್ರೆ ನಿನಗೊಂದು ಜೊತೆ ಇರುತ್ತೆ, ನಡಿ."

ಕಿಟಕಿಯ ಹೊರಗೆ, ಕಾಲುವೆಯಲ್ಲಿ ನಿಂತಿದ್ದ ಮೇಸ್ತ್ರಿ ಜೋರಾಗಿ ನಕ್ಕ. ಮಾವನ ಕಾಲದಿಂದ ಇರುವವನು, ವಯಸ್ಸಿನಲ್ಲಿ ಅವಳಿಗಿಂತ ಎಷ್ಟೋ ಹಿರಿಯ. ಆದರೂ ಅವಳನ್ನು ಅಕ್ಕ ಎನ್ನುತ್ತಾನೆ. ಊರಿಗೇ ಅವಳು ಮನೆ ಎತ್ತೋ ಅಕ್ಕ. ಆ ಹೆಸರನ್ನು ಯಾರಾದರೂ ಮೆಚ್ಚಿ ಹೇಳಿದಾಗೆಲ್ಲ ಅವಳಿಗೆ ಕಳ್ಳನ ಮನಸ್ಸು ಹುಳ್ಳುಳ್ಳಗೆ. ಯಾವ ಮನೆಯನ್ನು ಎತ್ತಿದ್ದೇನೆ ನಾನು? ತೊಲೆ ಎಲ್ಲಿ ಹೋಗಬೇಕೆಂದು ಗುರುತು ಹಾಕುವವನು ಮೇಸ್ತ್ರಿ. ಭಾರ ಎಷ್ಟೆಂದು ಲೆಕ್ಕ ಕಟ್ಟಿ ಕೊಡುವವರು ಇಂಜಿನಿಯರು. ತಿರುಗಿಸುವವರು ಆಳುಗಳು. ಇವರೆಲ್ಲರ ನಡುವೆ ನಿಂತು ಒಂದು ಪದ ಕೂಗುವುದು, ಅಷ್ಟೇ. ಗಿಣಿಗೆ ಕಲಿಸಿದರೆ ಗಿಣಿಯೂ ಕೂಗೀತು. ಕಸುಬಿಗೆ ಬೇಕೆಂದು ಅವಳು ಓದಲು ಸೇರಿದ್ದ ಸಂಜೆ ಕಾಲೇಜಿನ ಆ ಉದ್ದ ಕೋಣೆ ನೆನಪಾಯಿತು, ಅರ್ಧ ಟ್ಯೂಬ್‌ಲೈಟುಗಳು ಮಾತ್ರ ಉರಿಯುತ್ತಿದ್ದ ಕೋಣೆ, ಹಗಲೆಲ್ಲ ದುಡಿದು ಬಂದ ಗುಮಾಸ್ತರು, ಮೆಕ್ಯಾನಿಕ್ಕುಗಳು, ಒಬ್ಬ ನರ್ಸು, ಎಲ್ಲರೂ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತಿದ್ದ ಕೋಣೆ. ಉಪನ್ಯಾಸಕರು ಹಲಗೆಯ ಮೇಲೆ ತೊಲೆಯ ಚಿತ್ರ ಬರೆದು, ಇದು ಎಲ್ಲಿ ಬಾಗುತ್ತದೆ ಹೇಳಿ ಎಂದು ಅವಳ ಕಡೆಗೇ ಸೀಮೆಸುಣ್ಣ ತೋರಿಸಿದಾಗ ಎದ್ದು ನಿಂತು ಅವಳು ಹೇಳಿದ್ದು "ನನಗೆ ಹೆದರಿಕೆಯಾಗುವ ಕಡೆ ಸರ್". ಇಡೀ ತರಗತಿ ಎಚ್ಚರಾಗಿ ನಕ್ಕಿತ್ತು. ಆ ನಗು ಇವತ್ತಿಗೂ ಅವಳ ಪ್ರಮಾಣಪತ್ರದ ಹಿಂದೆ ಅಂಟಿಕೊಂಡಿದೆ. ಗೋಡೆಗೆ ತಗುಲಿಸಿದ ಚೌಕಟ್ಟಿನ ಮುಂದೆ ಗಿರಾಕಿಗಳು ನಿಂತು ಓದುವಾಗ, ಎಲ್ಲಿ ಮಗುಚಿ ನೋಡಿಬಿಡುತ್ತಾರೋ ಎಂಬಂತೆ ಅವಳು ಮಾತು ಬೇರೆ ಕಡೆಗೆ ತಿರುಗಿಸುತ್ತಾಳೆ.

"ಅಕ್ಕಾ, ಎಲ್ಲಾ ತಯಾರು" ಎಂದ ಮೇಸ್ತ್ರಿ.

ಅವಳು ನಡುಮನೆಯ ಮಧ್ಯಕ್ಕೆ ಬಂದು ನಿಂತಳು. ಗಂಟಲಲ್ಲಿ ಆ ಹಳೆಯ ಗಂಟು ಏಳುತ್ತಿತ್ತು, ನುಂಗಿಕೊಂಡಳು. "ಏರ್ಲಿ!" ಕೂಗು ಚೊಕ್ಕವಾಗಿ, ನೆಟ್ಟಗೆ, ಯಾರಿಂದಲೋ ಎರವಲು ತಂದಂತೆ ಹೊರಟಿತು. ಕಾಲುವೆಯಲ್ಲಿ ಕಬ್ಬಿಣ ಕಿರುಗುಟ್ಟಿತು, ಏಟುಗಳು ಮನೆಯ ಸುತ್ತ ಓಡಿ ಬಂದವು. ಕೊನೆಯ ಏಟಿನ ಸದ್ದು ಆರುವ ಮೊದಲೇ ಮತ್ತೆ "ಏರ್ಲಿ!" ಮತ್ತೆ. ಮತ್ತೆ. ಅವಳಿಗೆ ಮೈಯಲ್ಲಿ ಏನೋ ಹುರುಪು ಏರಿತು. ಹೀಗೆ ಇರುತ್ತದೆಯೇ ಇದು, ಅನುಮಾನವಿಲ್ಲದವರಿಗೆ ದಿನಾ ಹೀಗೇ ಇರುತ್ತದೆಯೇ? ಕೋಟಿನವನು ಕಿಟಕಿಯಾಚೆ ನಿಂತು ತಲೆದೂಗುತ್ತಿದ್ದಾನೆಂದು ಕಲ್ಪಿಸಿಕೊಂಡು ಇನ್ನೊಮ್ಮೆ ಕೂಗಿದಳು. ತನ್ನ ದನಿಯನ್ನು ತಾನೇ ಕೇಳುತ್ತ ಅವಳು ಅದರ ಹಿಂದೆ ಹೋಗಿಬಿಟ್ಟಿದ್ದಳು. ಕಣ್ಣು ಗೋಡೆಗಳ ಮೇಲೆ ಇರಲಿಲ್ಲ, ಮನೆ ಸಮವಾಗಿ ಏರುತ್ತಿದೆಯೇ ಎಂದು ತೋರಿಸುವ ನೀರುಮಟ್ಟದ ಕೊಳವೆಯ ಮೇಲೆ ಇರಲಿಲ್ಲ, ಎಲ್ಲಿಯೂ ಇರಲಿಲ್ಲ. ಏಟುಗಳು ಈಗ ಓಡಿ ಬರುತ್ತಿರಲಿಲ್ಲ, ಒಂದರ ಮೇಲೊಂದು ಬಿದ್ದು ತಳ್ಳಾಡುತ್ತಿದ್ದವು. ಅದು ಅವಳಿಗೆ ಕೇಳಿಸಿತು, ಆದರೆ ಕೇಳಿಸಿದ್ದು ಗೊತ್ತಾಗಲಿಲ್ಲ.

"ಏನಮ್ಮಾ," ಎಂದಳು ಆಪರೇಟರಮ್ಮ, ಕೂತಲ್ಲಿಂದಲೇ, ಅಂಗಡಿಯಲ್ಲಿ ಬಟ್ಟೆಯ ಬಣ್ಣ ಕೇಳುವವಳಂತೆ. "ಅದು ಮೊದಲೇ ಇತ್ತಾ?"

ಅಡುಗೆಮನೆಯ ಬಾಗಿಲ ಮೇಲಿನ ಮೂಲೆಯಿಂದ ಕೂದಲಿನಂಥ ಗೆರೆಯೊಂದು ಹೊರಟು, ಓರೆಯಾಗಿ ಸೂರಿನತ್ತ ಹತ್ತಿತ್ತು. ಅವಳು ನೋಡುತ್ತಿದ್ದಂತೆ ಗಾರೆಯ ಒಂದು ಚೂರು ಕಳಚಿ ನೆಲಕ್ಕೆ ಬಿತ್ತು. ಬಿದ್ದ ಸದ್ದು ಬಹಳ ಸಣ್ಣದು. "ನಿಲ್ಸಿ!" ಎಂದು ಕಿರುಚಿದಳು. "ಎಲ್ರೂ ನಿಲ್ಸಿ!"

ಅವಳ ಕಾಲುಗಳು ಅವಳನ್ನು ಕೇಳದೆ ಬಾಗಿಲಿಗೆ ಹೋಗಿದ್ದವು. ಮೇಸ್ತ್ರಿ ಕಾಲುವೆಯಿಂದ ಎದ್ದು ಬಂದ, ಹಣೆಯವರೆಗೆ ಮಣ್ಣು. ಒಳಗೆ ಬಗ್ಗಿ ಬಿರುಕನ್ನು ನೋಡಿದ, ಆಮೇಲೆ ಅವಳನ್ನು.

"ಯಾರಿಗಕ್ಕಾ ಬಸ್ಸು ತಪ್ಪಿ ಹೋಗ್ತಿರೋದು?"

"ಏನಾಯ್ತು?"

"ನನ್ನ ಕೇಳ್ತೀರಾ? ಏರ್ಲಿ, ಏರ್ಲಿ, ಏರ್ಲಿ. ಸಂತೇಲಿ ಪಾತ್ರೆ ಹರಾಜು ಹಾಕೋ ಹಾಗೆ. ಹಿಂದಿನ ಮೂಲೆ ಕೆಳಗೇ ಉಳ್ಕೊಂಡಿದೆ." ಅವನು ಮನೆಯ ಹಿಂಬದಿಗೆ ಕುತ್ತಿಗೆ ಚಾಚಿ ಕೂಗಿದ. "ಲೋ ಗೊಣಗ! ಬಾರೋ ಇಲ್ಲಿ."

ಸದಾ ಏನಾದರೊಂದು ಗೊಣಗುವುದರಿಂದ ಆ ಹೆಸರು ಪಡೆದಿದ್ದ ಆಳು ಮೂಲೆಯಿಂದ ತಲೆ ಹೊರಹಾಕಿದ. "ನಾನೇನ್ ಮಾಡ್ಲಿ? ಕೊನೇ ಜಾಕಿಗೆ ಕೈ ಹಾಕೋ ಹೊತ್ತಿಗೆ ಮುಂದಿನ ಕೂಗು. ತಿರುಗಿಸ್ಲಾ, ಏಟು ಹಾಕ್ಲಾ?"

"ತಿರುಗಿಸದೇನೇ ಏಟು ಹಾಕ್ದ್ಯಾ?"

"ಎಲ್ರೂ ಹಾಕಿದ್ರಪ್ಪ. ನಾನೊಬ್ನೇ ಸುಮ್ನಿದ್ರೆ ನನ್ನ ಮರ್ಯಾದೆ ಏನಾಗ್ಬೇಕು?" ಎಂದವನು ಅವಳ ಕಡೆ ತಿರುಗಿದ, ದೂರು ಕೊಡುವ ದನಿಯಲ್ಲಿ. "ಬೇರೆ ದಿನ ನೀವು ಗಂಟಲು ಹಿಡ್ಕೊಂಡು ಒದ್ದಾಡೋ ಹೊತ್ತಲ್ಲಿ ನಾನು ಕೊನೇದು ಮುಗಿಸ್ಕೋತಿದ್ದೆ. ಎಲ್ರೂ ಹಾಗೇನೇ. ಇವತ್ತು ನೀವು ಒದ್ದಾಡಲೇ ಇಲ್ವಲ್ಲಕ್ಕಾ."

ಯಾರೋ ಕಿಸಕ್ಕೆಂದರು. ಅವಳ ಕಿವಿ ಬಿಸಿಯಾಯಿತು. "ಒದ್ದಾಡೋದು ಅಂದ್ರೆ?"

"ಅದೇ, ಹೆದರ್ತೀರಲ್ಲ" ಎಂದ ಮೇಸ್ತ್ರಿ, ಚಹಾಕ್ಕೆ ಸಕ್ಕರೆ ಕಮ್ಮಿ ಹಾಕ್ಕೊಳ್ತೀರಲ್ಲ ಎನ್ನುವಷ್ಟು ಸಹಜವಾಗಿ. "ಎಲ್ಲಿ ಹೋಯ್ತು ಅದು ಇವತ್ತು?"

"ನಿಮಗೆ... ನಿಮಗೆಲ್ಲ ಗೊತ್ತಿತ್ತಾ?"

"ಈ ಗೋಡೆ ಎಷ್ಟು ದಪ್ಪ ಇದೆ ಅಂದ್ಕೊಂಡಿದ್ದೀರಿ? ನೀವು ಉಸಿರು ಎಳ್ಕೊಳ್ಳೋದು ಬೀದಿ ಆಚೆಗೆ ಕೇಳುತ್ತೆ."

ಇಷ್ಟು ವರ್ಷ ಮುಷ್ಟಿ ಬಿಗಿದು ಮುಚ್ಚಿಟ್ಟಿದ್ದು ಬರಿಗೈ ಎಂದು ಎಲ್ಲರಿಗೂ ಗೊತ್ತಿತ್ತು. ಅವಳು ಕಟ್ಟಿದ್ದ ಮುಖ, ಗಾಡಿಯಿಂದ ಇಳಿಯುವ ಬಿಗಿ ನಡಿಗೆ, ಕೈ ನಡುಗದಿರಲೆಂದು ಸೊಂಟದ ಮೇಲಿಟ್ಟುಕೊಳ್ಳುವ ರೀತಿ, ಎಲ್ಲವೂ ಈಗ ಅವರ ಕಣ್ಣಿನಲ್ಲಿ ಹೇಗೆ ಕಂಡಿರಬಹುದೆಂದು ನೆನೆದರೆ ಮಣ್ಣೊಳಗೆ ಇಳಿದುಬಿಡೋಣ ಎನ್ನಿಸಿತು. ಮೊದಲ ಮನೆಯಲ್ಲಿ, ಮಾವ ಹೊರಗೆ ಗಂಟಲಿಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದಾಗ, ಮೊದಲ ಕೂಗಿಗೆ ಮೊದಲು ಅವಳಿಗೆ ಅಳು ಬಂದಿತ್ತು. ಅದನ್ನು ತಡೆಯಲು ಸೂರಿನ ಮೂಲೆಗಳನ್ನು ಒಂದೊಂದಾಗಿ ನೋಡಿದ್ದಳು, ಆ ಮೂಲೆ, ಈ ಮೂಲೆ, ಬಾಗಿಲ ಮೇಲಿನ ಮೂಲೆ, ಮತ್ತೆ ಮೊದಲಿನದು. ಅಂದಿನಿಂದ ಪ್ರತಿ ಕೂಗಿಗೂ ಹಾಗೆ. ಬಲಗಾಲು ಈಗ ಹೊಸ್ತಿಲಿನ ಆಚೆ ಇತ್ತು. ಎರಡನೆಯದನ್ನೂ ಎತ್ತಿಟ್ಟರೆ ಮುಗಿಯಿತು. ಸಂಜೆಯವರೆಗೆ ಕಾಯುವುದೂ ಬೇಡ, ಈಗಲೇ ಫೋನು ತೆಗೆದು ಹೂಂ ಎನ್ನಬಹುದು.

"ಮೇಸ್ತ್ರಿ, ನೀವು ಕೂಗಿ. ನನ್ನ ಕೈಲಾಗಲ್ಲ."

ಅವನು ಅವಳ ಮುಖ ನೋಡಲಿಲ್ಲ. ಹೊಸ್ತಿಲ ಹೊರಗಿದ್ದ ಪಾದವನ್ನೇ ನೋಡುತ್ತಿದ್ದ. ಸಾಲಾಗಿ ಎದ್ದು ನಿಂತಿದ್ದ ಆಳುಗಳೂ ಅದನ್ನೇ ನೋಡುತ್ತಿದ್ದರು, ಮನೆಯ ಬಿರುಕಿಗಿಂತ ಹೆಚ್ಚು ಗಾಬರಿಯಿಂದ.

"ನಾನು ಕೂಗಿದ್ರೆ ಇವರಲ್ಲಿ ಯಾರು ಕೇಳ್ತಾರೆ? ಎಲ್ರೂ ಪಲ್ಲಕ್ಕಿ ಹತ್ತಿದ್ರೆ ಹೊರೋರು ಯಾರು?" ತಮಾಷೆಯ ಮಾತೇ, ದನಿಯಲ್ಲಿ ಮಾತ್ರ ತಮಾಷೆ ಇರಲಿಲ್ಲ. "ಕಾಲು ಒಳಗಿಡಿ ಅಕ್ಕಾ. ನೀವು ಒಳಗಿದ್ದು ಹೆದರ್ಕೊಳ್ಳಿ, ನಾವು ನಿಶ್ಚಿಂತೆಯಾಗಿ ಹೊರಗೆ ಕೆಲಸ ಮಾಡ್ತೀವಿ. ನೀವು ಹೊರಗೆ ಬಂದ್ರೆ ನಾವೆಲ್ಲ ಹೆದರ್ಬೇಕಾಗುತ್ತೆ. ಅಷ್ಟು ಜನ ಹೆದರಿದ್ರೆ ತಿರುಗಿಸೋರು ಬೇಡ್ವಾ?"

"ಏನು, ಹೊರಡೋದಾ ಉಳಿಯೋದಾ?" ಒಳಗಿನಿಂದ ಆಪರೇಟರಮ್ಮ ಕೂಗಿದಳು. "ನನ್ನೊಬ್ಳನ್ನೇ ಇಲ್ಲಿ ಓಲಾಡೋಕೆ ಬಿಟ್ಟು ಬಾಗಿಲಲ್ಲಿ ಪಂಚಾಯ್ತಿ ಮಾಡ್ತಿದೀರಾ?"

ಅವಳು ಕಾಲನ್ನು ಒಳಗೆ ತೆಗೆದುಕೊಂಡಳು. ಹಾಗೆ ತೆಗೆದುಕೊಳ್ಳುವಾಗ ತನಗೆ ಧೈರ್ಯ ಬಂದಿತೆಂದು ಅವಳಿಗೆ ಅನ್ನಿಸಲಿಲ್ಲ. ಬಂದದ್ದು ಬೇರೇನೋ, ಹೆಸರಿಲ್ಲದ್ದು. ಇಷ್ಟು ವರ್ಷ ಅವಮಾನವೆಂದು ನುಂಗಿದ್ದ ಒಂದೊಂದು ಕ್ಷಣದಲ್ಲೂ ಹೊರಗೆ ಒಬ್ಬೊಬ್ಬನ ಕೈಯಲ್ಲಿ ಒಂದೊಂದು ಜಾಕು ತಿರುಗಿ ಮುಗಿದಿತ್ತು. ಬೆವರು ಒರೆಸಿಕೊಂಡವನು ಅದರಲ್ಲಿ ಒರೆಸಿಕೊಂಡಿದ್ದ, ರಾಡು ಜಾರಿದವನು ಅದರಲ್ಲಿ ಮತ್ತೆ ಹಿಡಿದಿದ್ದ. ಅವಳಿಗೆ ತಿಳಿಯದಂತೆ, ಅವರಿಗೂ ಅಷ್ಟೇನೂ ತಿಳಿಯದಂತೆ, ಅವಳ ಭಯದೊಳಗೆ ಅಷ್ಟೊಂದು ಜನ ವಾಸವಾಗಿದ್ದರು. ನಡುಮನೆಯ ಮಧ್ಯಕ್ಕೆ ನಡೆದು ಬರುವಾಗ ನೆಲ ಕಾಲಿನ ಕೆಳಗೆ ಇದೆಯೆಂದು ಒಂದೊಂದು ಹೆಜ್ಜೆಗೂ ಹೊಸದಾಗಿ ತಿಳಿಯುತ್ತಿತ್ತು.

"ಹಿಂದಿನ ಮೂಲೆ ಮಾತ್ರ" ಎಂದಳು. ಗಂಟಲಲ್ಲಿ ಗಂಟು ಎದ್ದಿತು. ನುಂಗಲಿಲ್ಲ. "ಹ್ಞಾ..." ಎಂದು ಅದು ಬಂದು ನಿಂತಿತು, ದೊಡ್ಡದಾಗಿ, ಎಲ್ಲರಿಗೂ ಕೇಳುವಂತೆ. ಆಪರೇಟರಮ್ಮ ಕಣ್ಣೆತ್ತಿ ನೋಡಿದಳು. ಇವಳು ಬಾಗಿಲ ಮೇಲಿನ ಬಿರುಕನ್ನು ಕೆಳಗಿನಿಂದ ತುದಿಯವರೆಗೆ ನೋಡಿದಳು. ಕೊಳವೆಯ ನೀರನ್ನು ನೋಡಿದಳು. ಸೂರಿನ ಮೂಲೆಗಳನ್ನು ಒಂದೊಂದಾಗಿ. ಹೊರಗೆ ಒಂದು ಏಟು ಬಿತ್ತು, ತಯಾರೆಂದು. "ಏರ್ಲಿ." ಹಿಂದಿನ ಮೂಲೆಯಲ್ಲಿ ಕಬ್ಬಿಣ ನರಳಿತು. ಬಿರುಕು ಅಲುಗಲಿಲ್ಲ. ಮತ್ತೆ ಕಾದಳು, ಮತ್ತೆ ನೋಡಿದಳು, ಮತ್ತೆ ಕೂಗಿದಳು. ಹಾಗೆ ಎಷ್ಟು ಸಲವೋ. ಒಂದು ಸಲ ಕೂಗಿಗೂ ಏಟಿಗೂ ನಡುವೆ ಬಿರುಕಿನ ಎರಡು ತುಟಿಗಳು ಒಂದಕ್ಕೊಂದು ಹತ್ತಿರವಾದವು. ಒಳಗಿನಿಂದ ಸ್ವಲ್ಪ ಗಾರೆಯ ಪುಡಿ ನಿಟ್ಟುಸಿರಿನಂತೆ ಉದುರಿತು. ಗೆರೆ ಉಳಿಯಿತು, ಬಾಯಿ ಮುಚ್ಚಿತು. ಅಡುಗೆಮನೆಯ ಬಾಗಿಲ ಚೌಕಟ್ಟು ಎಲ್ಲಿಯೋ ಒಳಗೆ ಟಕ್ಕೆಂದು ತನ್ನ ಜಾಗಕ್ಕೆ ಕೂತುಕೊಂಡಿತು.

"ಎಕ್ಸ್‌ಚೇಂಜಲ್ಲಿ," ಎಂದಳು ಆಪರೇಟರಮ್ಮ, ಮೆಲ್ಲಗೆ, ಯಾರಿಗೆ ಹೇಳುತ್ತಿದ್ದೇನೆಂದು ತಿಳಿಯದವಳಂತೆ, "ಆ ಕಡೆಯವರು ಸುಮ್ನಿದ್ರೆ ಲೈನು ಸತ್ತಿದ್ಯೋ, ಉಸಿರು ಹಿಡ್ಕೊಂಡಿದ್ದಾರೋ ಅಂತ ನನಗೆ ತಕ್ಷಣ ಗೊತ್ತಾಗ್ತಿತ್ತು. ಆಗ್ಲೇ ನೀನು ಕೂಗ್ತಿದ್ದಾಗ ಲೈನು ಸತ್ತ ಹಾಗಿತ್ತು ಕಣಮ್ಮ." ಆಮೇಲೆ ಕೈಚೀಲವನ್ನು ನೆಲದ ಮೇಲೆ ಇಟ್ಟಳು.

ಈಗ ಎಲ್ಲ ಮೂಲೆಗಳೂ ಒಟ್ಟಿಗೆ. ಕಾಯುವುದು, ನೋಡುವುದು, ಕೂಗುವುದು. ಏಟುಗಳು ಮನೆಯ ಎದುರಿನಿಂದ ಹೊರಟು, ಪಕ್ಕದ ಗೋಡೆಯ ಗುಂಟ ಸಾಗಿ, ಹಿಂದಿನ ಮೂಲೆಯಲ್ಲಿ ಒಂದು ಗಳಿಗೆ ತಡೆದು, ಗೊಣಗನ ಏಟನ್ನೂ ಕೂಡಿಸಿಕೊಂಡು, ಮತ್ತೆ ಎದುರಿಗೆ ಬಂದು ಸೇರುತ್ತಿದ್ದವು. ಅವಳು ಅದನ್ನು ಕಿವಿಯಿಂದ ಕೇಳುತ್ತಿದ್ದಳೋ ಪಾದದಿಂದಲೋ. ಎಷ್ಟೋ ಮನೆಗಳಲ್ಲಿ ನಿಂತಿದ್ದಳು. ಆದರೆ ಪ್ರತಿ ಸಲವೂ ತನ್ನ ಗುಟ್ಟು ಬಯಲಾಗದೆ ಮುಗಿದರೆ ಸಾಕೆಂಬುದರಲ್ಲೇ ಮುಳುಗಿ, ಏನು ನಡೆಯುತ್ತಿದೆಯೆಂದು ನೋಡಿಯೇ ಇರಲಿಲ್ಲ. ಇಟ್ಟಿಗೆ, ಗಾರೆ, ಮಹಡಿ, ಮಹಡಿಯ ಮೇಲಿನ ನೀರಿನ ತೊಟ್ಟಿ, ಒಬ್ಬಳು ಹೆಂಗಸಿನ ಇಡೀ ಬದುಕಿನ ಕಪಾಟುಗಳು, ಇಷ್ಟೂ ಭಾರ ಮನುಷ್ಯರ ಕೈಗಳ ಮೇಲೆ ಉಸಿರು ಉಸಿರಾಗಿ ಏರುತ್ತಿತ್ತು. ಸಂಜೆ ಕೋಟಿನವನಿಗೆ ಹೇಳಬೇಕಾದ ಊಹೂಂ ಗಂಟಲಲ್ಲಿ ಆಗಲೇ ಒಂದು ಕಡೆ ಕೂತಿತ್ತು. ಅದೂ ತಡವರಿಸಿಕೊಂಡೇ ಹೊರಬರುತ್ತದೆಂದು ಅವಳಿಗೆ ಗೊತ್ತಿತ್ತು.

"ಅಯ್ಯೋ" ಎಂದಳು ಆಪರೇಟರಮ್ಮ. "ಅಯ್ಯೋ, ನೋಡಲ್ಲಿ."

ಗೋಡೆಯ ಬುಡದಲ್ಲಿ, ತೊಲೆಗೂ ಹಳೆಯ ಪಾಯಕ್ಕೂ ನಡುವೆ, ಬೆಳಕು ಬಂದಿತ್ತು. ಮೊದಲು ಒಂದು ಕಡೆ ದಾರದಷ್ಟು. ನೋಡುತ್ತಿದ್ದಂತೆ ಅದು ಮೂಲೆ ತಿರುಗಿತು, ಪಕ್ಕದ ಗೋಡೆಯ ಬುಡಕ್ಕೆ ಹರಿಯಿತು, ಒಳಕೋಣೆಗೆ ಹೋಯಿತು. ಆ ಮನೆ ಕಟ್ಟಿದಂದಿನಿಂದ ಹಗಲನ್ನು ಕಾಣದ ಜಾಗ ಅದು. ಬೀದಿಯ ಗಾಳಿ ಅಲ್ಲಿಂದ ನುಗ್ಗಿ ಅವಳ ಪಾದಗಳನ್ನು ಸವರಿಕೊಂಡು ಹೋಯಿತು, ಒದ್ದೆ ಮಣ್ಣಿನ, ಕಬ್ಬಿಣದ, ಬೆವರಿನ ವಾಸನೆ ಹೊತ್ತು. ಅವಳು ಮೊಣಕಾಲೂರಿ ಬಗ್ಗಿ ನೋಡಿದಳು. ಬೆಳಕಿನ ಆ ಸೀಳಿನಲ್ಲಿ ಮುಖಗಳು ಕಾಣುತ್ತಿರಲಿಲ್ಲ, ಕೈಗಳು ಮಾತ್ರ. ಮಣ್ಣು ಮೆತ್ತಿದ, ಗಂಟುಗಟ್ಟಿದ ಕೈಗಳು, ರಾಡುಗಳನ್ನು ಹಿಡಿದು, ಮನೆಯ ಸುತ್ತಲೂ, ಕಣ್ಣು ಹೋಗುವವರೆಗೂ ಕೈಗಳು. ಯಾವುದೂ ಅಲ್ಲಾಡುತ್ತಿರಲಿಲ್ಲ. ಕಾಯುತ್ತಿದ್ದವು. ಅವಳು ಎದ್ದು ನಿಂತಳು. ಹೆದರಿಕೆಯಾಯಿತು. ಎಷ್ಟು ಬೇಕೋ ಅಷ್ಟು ಹೊತ್ತು ಹೆದರಿ, ಆಮೇಲೆ ಕೂಗಿದಳು.